ಸೋಲನ್ನು ತಡೆದುಕೊಳ್ಳಲು ಕಲಿಸೋಕೆ ಚೌಕಾಬಾರ ಆಡಿಸಿ ನೋಡಿ

ಒಂದರಿಂದ ಐದನೇ ಕ್ಲಾಸಿನ ಮಕ್ಕಳಿರುವವರಿಗೆ ಒಂದು ಸಲಹೆ. ಸಣ್ಣ ಸೋಲಿಗೂ ಅತ್ತು ರಂಪ ಮಾಡುವ ಮಗುವಿಗೆ ಬುದ್ಧಿಮಾತು ಹೇಳುವ ಬದಲು ಚೌಕಾಬಾರ ಆಡಿಸಿ. 25 ಮನೆ ಬರೆಯೋಕೆ ಸೀಮೆಸುಣ್ಣ, 4 ಕವಡೆ ಸಾಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಕಡೆ ಉಜ್ಜಿಕೊಳ್ಳಿ.

ನಡುಮನೆ ಸೇರಿ ಹಣ್ಣಾಗಲು ಎರಡೇ ಮನೆ ಇರುವಾಗ ಕಾಯಿ ಕಡಿಸಿಕೊಂಡು, ಮತ್ತೆ ಮೊದಲಿಂದ ಶುರು ಮಾಡಬೇಕಾದ ಮಗುವಿನ ಮುಖ ನೋಡಿ. ತುಟಿ ನಡುಗುತ್ತದೆ, ಕಣ್ಣು ತುಂಬುತ್ತದೆ. ಆಗ "ಇದಕ್ಕೆಲ್ಲ ಅಳ್ತಾರಾ?" ಅನ್ನಬೇಡಿ. "ಬೇಜಾರಾಯ್ತಾ? ಸಿಟ್ಟು ಬಂತಾ?" ಎಂದು ಕೇಳಿ, ಸುಮ್ನೆ ಪಕ್ಕದಲ್ಲಿ ಕೂತಿರಿ. ಒಳಗಿನ ಸಂಕಟಕ್ಕೆ ಒಂದು ಹೆಸರು ಸಿಕ್ಕರೆ ಮನಸ್ಸು ಎಷ್ಟೋ ಹಗುರಾಗುತ್ತದೆ, ನಮಗೂ ಹಾಗೇ ಅಲ್ವಾ? ಸ್ವಲ್ಪ ಹೊತ್ತಿಗೆ ಮಗು ತಾನಾಗೇ ಕವಡೆ ಕೈಗೆ ತೆಗೆದುಕೊಳ್ಳುತ್ತದೆ.

ದಯವಿಟ್ಟು ಬೇಕಂತಲೇ ಸೋಲಬೇಡಿ. ಮಕ್ಕಳಿಗೆ ಅದು ಗೊತ್ತಾಗುತ್ತದೆ. ನಿಮ್ಮ ಕಾಯಿ ಹೋದಾಗ "ಛೇ, ಬೇಜಾರಾಯ್ತು. ಇರಲಿ, ಮೊದಲಿಂದ ಶುರು ಮಾಡ್ತೀನಿ" ಅಂತ ಮಗುವಿಗೆ ಕೇಳುವ ಹಾಗೆ ಹೇಳಿ. ಮಕ್ಕಳು ಜಾಸ್ತಿ ಕಲಿಯುವುದು ನಮ್ಮನ್ನು ನೋಡಿಯೇ.

ಮೂರನೇ ಕ್ಲಾಸಿನ ನನ್ನ ಮಗಳಿಗೆ ಮೊನ್ನೆ ಉಕ್ತಲೇಖನದಲ್ಲಿ 10ಕ್ಕೆ 4 ಬಂತು. ಸ್ವಲ್ಪ ಅತ್ತಳು. ಆಮೇಲೆ "ಇವತ್ತು ನನ್ನ ಕಾಯಿ ಹೋಯ್ತಮ್ಮ" ಅಂದು, ತಪ್ಪಾದ ಆರೂ ಪದ ಬರೆಯೋಕೆ ಕೂತಳು.