ಹಾರ್ಡ್‌ವೇರ್ ಅಂಗಡಿಯ ದಾಸ್ತಾನು ಪುಸ್ತಕದಿಂದ ಟ್ಯಾಲಿಪ್ರೈಮ್‌ಗೆ: ನನ್ನ ಅನುಭವ

ನಮ್ಮ ಅಂಗಡಿಯ ದಾಸ್ತಾನು ಪುಸ್ತಕವನ್ನು ಕಂಪ್ಯೂಟರಿನ ಟ್ಯಾಲಿಪ್ರೈಮ್ ಎಂಬ ಲೆಕ್ಕಪತ್ರ ತಂತ್ರಾಂಶಕ್ಕೆ ವರ್ಗಾಯಿಸುವಾಗ ಎದುರಾದ ನಿಜವಾದ ತೊಡಕು ಅಳತೆಯದು. ವೈರು 90 ಮೀಟರಿನ ಸುರುಳಿಯಾಗಿ ಬಂದು ಮೀಟರ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. 20 ಅಡಿಯ ಪಿವಿಸಿ ಪೈಪನ್ನು ಗಿರಾಕಿ ಕೇಳಿದಷ್ಟು ಕತ್ತರಿಸಿ ಕೊಡುತ್ತೇವೆ. ಮೊಳೆಯನ್ನಂತೂ ಹಲವರು ತೂಕ ಹೇಳದೆ ಐವತ್ತು ರೂಪಾಯಿಗೆ ಕೊಡಿ ಎಂದೇ ಕೇಳುತ್ತಾರೆ. ಪುಸ್ತಕದಲ್ಲಿ ಇವೆಲ್ಲ ಬಂದ ಅಳತೆಯಲ್ಲೇ ದಾಖಲಾಗಿದ್ದವು.

ಹಾಗಾಗಿ ಪ್ರತಿ ಸರಕಿಗೂ ನಾವು ಮಾರುವ ಅತಿ ಚಿಕ್ಕ ಅಳತೆಯನ್ನೇ ಮೂಲ ಯೂನಿಟ್ ಮಾಡಿ, ಖರೀದಿಯ ಅಳತೆಯನ್ನು ಪರ್ಯಾಯ ಯೂನಿಟ್ ಆಗಿ ಜೋಡಿಸಿದೆ. ಸ್ಕ್ರೂ ಡಬ್ಬಿಯಲ್ಲಿರುವ ಸಂಖ್ಯೆ ಅಳತೆಗೆ ತಕ್ಕಂತೆ ಬದಲಾಗುವುದರಿಂದ, ಒಂದು ಡಬ್ಬಿಗೆ ಎಷ್ಟು ಸ್ಕ್ರೂ ಎಂಬ ಪರಿವರ್ತನೆಯನ್ನು ಒಂದೊಂದು ಸೈಜಿಗೂ ಪ್ರತ್ಯೇಕವಾಗಿ ನಮೂದಿಸಬೇಕಾಯಿತು. ಬೇಸರದ ಕೆಲಸವಾದರೂ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥವೆಂಬುದು ನನ್ನ ದೃಢ ಅಭಿಪ್ರಾಯ. ಮೊಳೆಯ ಕಿಲೋ ಯೂನಿಟ್ಟಿಗೆ ಮೂರು ದಶಮಾಂಶ ಸ್ಥಾನ ಕೊಟ್ಟ ಮೇಲೆ, ತಕ್ಕಡಿ ತೋರಿಸಿದ ಗ್ರಾಮುಗಳು ಬಿಲ್ಲಿನಲ್ಲಿ ಸರಿಯಾಗಿ ಮೂಡತೊಡಗಿದವು.

ಒಂದೇ ಎಲ್ಬೋವಿಗೆ (ಪೈಪನ್ನು ತಿರುಗಿಸಿ ಜೋಡಿಸುವ ಬಾಗು ತುಂಡು) ಪುಸ್ತಕದಲ್ಲಿ ಎರಡು ಮೂರು ಹೆಸರುಗಳಿದ್ದವು. ವಸ್ತು, ಸೈಜು, ಕಂಪನಿ ಎಂಬ ಒಂದೇ ಕ್ರಮದಲ್ಲಿ ಹೆಸರಿಟ್ಟು ಅವನ್ನು ಒಂದುಗೂಡಿಸಿದೆ.

ಆರಂಭಿಕ ದಾಸ್ತಾನನ್ನು ಪುಸ್ತಕ ನೋಡಿ ತುಂಬಲಿಲ್ಲ. ಏಪ್ರಿಲ್ 1ಕ್ಕೆ ಹೊಂದುವಂತೆ ಕಪಾಟುಗಳನ್ನೇ ಎಣಿಸಿ, ಜಿಎಸ್‌ಟಿ ಸೇರಿಸದ ಖರೀದಿ ದರದಲ್ಲಿ ನಮೂದಿಸಿದೆ, ಏಕೆಂದರೆ ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ನಮಗೆ ದೊರೆಯುತ್ತದೆ. ಈಗ ಲೆಕ್ಕದಲ್ಲಿ ದಾಸ್ತಾನು ಋಣಾತ್ಮಕವಾದೊಡನೆ, ಅಂದರೆ ಸೊನ್ನೆಗಿಂತ ಕೆಳಗಿಳಿದೊಡನೆ, ಎಚ್ಚರಿಕೆ ಬರುವಂತಿಟ್ಟು, ವಾರಕ್ಕೊಂದು ಕಪಾಟನ್ನು ತಾಳೆ ನೋಡುತ್ತಿದ್ದೇವೆ.