ದೈತ್ಯ ನಕ್ಷತ್ರಗಳ ಸುತ್ತ ಗ್ರಹ ಹುಡುಕಿದ್ದು: ನನ್ನ ಅನುಭವ

ಸೂರ್ಯನಂಥ ನಕ್ಷತ್ರ ಬಿಟ್ಟು ಉಬ್ಬಿಹೋದ ಮುದಿ ದೈತ್ಯಗಳ ಹಿಂದೆ ಯಾಕೆ ಬಿದ್ರಿ ಅಂತ ಎಷ್ಟೋ ಜನ ಕೇಳ್ತಾರೆ. ಕಾರಣ ಇದೆ. ಗ್ರಹದ ಎಳೆತಕ್ಕೆ ನಕ್ಷತ್ರ ನಮ್ಮ ಕಡೆ, ಆಚೆ ಕಡೆ ಸ್ವಲ್ಪ ಅಲ್ಲಾಡುತ್ತೆ, ಆಗ ಅದರ ಸ್ಪೆಕ್ಟ್ರಮ್‌ನಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಲ್ಲಿ) ಇರೋ ಕಪ್ಪು ಗೆರೆಗಳು ಸ್ವಲ್ಪ ಜರುಗ್ತವೆ. ಈ ಜರುಗೋದೇ ಡಾಪ್ಲರ್ ಶಿಫ್ಟ್, ಅದನ್ನ ಅಳೆದೇ ನಾವು ಗ್ರಹ ಹುಡುಕೋದು. ಸೂರ್ಯನ ಎರಡರಷ್ಟು ದ್ರವ್ಯರಾಶಿ ಇರೋ ನಕ್ಷತ್ರ ಹರೆಯದಲ್ಲಿ ತುಂಬಾ ಬಿಸಿ, ಜೋರಾಗಿ ತಿರುಗ್ತಿರುತ್ತೆ, ಸ್ಪೆಕ್ಟ್ರಮ್‌ನಲ್ಲಿ ಗೆರೆಗಳೇ ಕಮ್ಮಿ, ಇರೋವೂ ಅಗಲವಾಗಿ ಹರಡ್ಕೊಂಡಿರ್ತವೆ, ಅದ್ರಲ್ಲಿ ಸಣ್ಣ ಡಾಪ್ಲರ್ ಶಿಫ್ಟ್ ಅಳೆಯೋದು ತುಂಬಾ ಕಷ್ಟ. ಅದೇ ನಕ್ಷತ್ರ ವಯಸ್ಸಾಗಿ ಉಬ್ಬಿದ್ಮೇಲೆ ಮೇಲ್ಮೈ ತಣ್ಣಗಾಗಿ, ತಿರುಗೋದು ನಿಧಾನ ಆಗಿ, ಚೂಪಾದ ಗೆರೆಗಳು ಸಾಲುಸಾಲಾಗಿ ಸಿಗ್ತವೆ. 2002ರಲ್ಲಿ ಐಯೋಟಾ ಡ್ರಾಕೋನಿಸ್ ಅನ್ನೋ ದೈತ್ಯದ ಸುತ್ತ ಸುಮಾರು 511 ದಿನಕ್ಕೊಂದು ಸುತ್ತು ಹಾಕೋ ಗ್ರಹ ಸಿಕ್ಕಿದ್ದು ಹೀಗೇ.

ನಾವು ಆರಿಸ್ಕೊಂಡಿದ್ದು ಪ್ರಕಾಶಮಾನವಾದ ಕೆ ದೈತ್ಯಗಳನ್ನ, ಅಂದ್ರೆ ಸೂರ್ಯನಿಗಿಂತ ತಣ್ಣಗಿರೋ ಕಿತ್ತಳೆ ಬಣ್ಣದ ದೈತ್ಯಗಳನ್ನ. ನಕ್ಷತ್ರದ ಬೆಳಕನ್ನ ಅಯೋಡಿನ್ ಆವಿ ತುಂಬಿದ ಸೆಲ್ ಮೂಲಕ ಹಾಯಿಸ್ತೀವಿ, ಅಯೋಡಿನ್ ಗೆರೆಗಳು ಸ್ಪೆಕ್ಟ್ರಮ್ ಮೇಲೇ ಅಳತೆಪಟ್ಟಿ ಥರ ಕೂತ್ಕೊಳ್ತವೆ. ಆದ್ರೆ ದೈತ್ಯದ ಮೈ ಸುಮ್ನಿರಲ್ಲ, ಗಂಟೆಗಟ್ಟಲೆ ಲಯದಲ್ಲಿ ಏರಿ ಇಳಿಯುತ್ತೆ, ಸೆಕೆಂಡಿಗೆ 10-20 ಮೀಟರ್ ಅಲ್ಲಾಟ ಅಲ್ಲಿ ಮಾಮೂಲು. ನಮ್ಮ ಗುರುಗ್ರಹ ಸೂರ್ಯನನ್ನ ಅಲ್ಲಾಡಿಸೋದೇ ಸೆಕೆಂಡಿಗೆ ಸುಮಾರು 12.5 ಮೀಟರ್ ಅಂದ್ರೆ ನೋಡ್ಕೊಳ್ಳಿ. ಅದಕ್ಕೇ ಒಂದೇ ರಾತ್ರಿ ಗಂಟೆಗಳ ಅಂತರ ಬಿಟ್ಟು ಎಕ್ಸ್‌ಪೋಷರ್ ತಗೊಂಡು, ಆಮೇಲಿನ ರಾತ್ರಿಗಳಲ್ಲೂ ತಗೊಂಡು, ಸರಾಸರಿ ಮಾಡ್ತಿದ್ವಿ.

ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ದೈತ್ಯ ತನ್ನ ಸುತ್ತ ತಾನೇ ಒಂದು ಸಲ ತಿರುಗೋಕೂ ನೂರಾರು ದಿನ ಹಿಡಿಯುತ್ತೆ, ಜೊತೆಗೇ ಸುತ್ತೋ ಅದರ ಮೇಲಿನ ಕಲೆಗಳೂ ಗೆರೆಗಳು ಜರುಗಿದ ಹಾಗೆ ತೋರಿಸ್ತವೆ. ನಾವು ಹುಡುಕ್ತಿರೋ ಗ್ರಹಗಳ ಪೀರಿಯಡ್ಡೂ (ಒಂದು ಸುತ್ತಿಗೆ ಹಿಡಿಯೋ ಕಾಲ) ಅಷ್ಟೇ ಇರುತ್ತೆ, ಹಾಗಾಗಿ ನಕ್ಷತ್ರದ ವೇಗದ ಗ್ರಾಫ್‌ನಲ್ಲಿ ಚೆಂದದ ಅಲೆ ಕಂಡ್ರೂ ಅದು ಗ್ರಹದ್ದಾ ನಕ್ಷತ್ರದ್ದಾ ಅಂತ ಅಲೆ ನೋಡಿ ಹೇಳೋಕಾಗಲ್ಲ. ಗಾಮಾ ಡ್ರಾಕೋನಿಸ್ ಅನ್ನೋ ದೈತ್ಯದ ಕಥೆ ನಮ್ಮ ಫೀಲ್ಡಲ್ಲಿ ಎಲ್ಲರಿಗೂ ಗೊತ್ತು: 2003ರಿಂದ 2011ರ ತನಕ 702 ದಿನದ ಸಿಗ್ನಲ್ ಥೇಟ್ ಗ್ರಹದ ಥರಾನೇ ಇತ್ತು, ಆಮೇಲೆ ಮಾಯ ಆಯ್ತು, ಮತ್ತೆ ಬಂದಾಗ ಫೇಸ್, ಅಂದ್ರೆ ಅಲೆ ಏರಿ ಇಳಿಯೋ ಹೊತ್ತು, ಬೇರೆ. ಗ್ರಹ ಹೀಗೆ ರಜೆ ಹಾಕಲ್ಲ.

ನಮಗೆ ಒಳ್ಳೇ ಅಲೆ ಸಿಕ್ಕಾಗ ತಕ್ಷಣ ಘೋಷಿಸ್ಲಿಲ್ಲ. ಗೆರೆಗಳ ಆಕಾರ ಅದೇ ಪೀರಿಯಡ್‌ನಲ್ಲಿ ಬದಲಾಗುತ್ತಾ, ಹಿಪ್ಪಾರ್ಕಸ್ ಉಪಗ್ರಹದ ಡೇಟಾದಲ್ಲಿ ಬೆಳಕು ಅದೇ ಲಯದಲ್ಲಿ ಏರಿಳಿಯುತ್ತಾ, ನಕ್ಷತ್ರದ ಚಟುವಟಿಕೆ ತೋರಿಸೋ ಹೈಡ್ರೋಜನ್ ಆಲ್ಫಾ ಗೆರೆ ಏನು ಹೇಳುತ್ತೆ, ಎಲ್ಲಾ ನೋಡಿದ್ವಿ. ಇನ್ಫ್ರಾರೆಡ್‌ನಲ್ಲೂ ಅಳೆಸಿದ್ವಿ, ಯಾಕಂದ್ರೆ ನಕ್ಷತ್ರದ ಮೇಲಿನ ಕಲೆಯಿಂದ ಬರೋ ಅಲೆ ಅಲ್ಲಿ ಸಾಮಾನ್ಯವಾಗಿ ಚಿಕ್ಕದಾಗುತ್ತೆ, ಗ್ರಹದ ಎಳೆತ ಯಾವ ಬಣ್ಣದಲ್ಲಿ ನೋಡಿದ್ರೂ ಒಂದೇ. ಕಣ್ಣಿಗೆ ಕಾಣೋ ಬೆಳಕು, ಇನ್ಫ್ರಾರೆಡ್ ಎರಡರಲ್ಲೂ ಅಲೆಯ ಎತ್ತರ ಒಂದೇ ಬಂದಾಗ ಆದ ಖುಷಿ ಹೇಳತೀರದು. ಆದ್ರೂ ಇನ್ನೊಂದು ಪೂರ್ತಿ ಸುತ್ತು ಕಾದು, ಫೇಸ್ ತಪ್ಪಿಲ್ಲ ಅಂತ ಖಾತ್ರಿ ಆದ್ಮೇಲೇ ಪೇಪರ್ ಬರೆಯೋಕೆ ಕೂತಿದ್ದು.

ಗ್ರಹದ ತೂಕ ಹೇಳ್ಬೇಕಂದ್ರೆ ಮೊದಲು ನಕ್ಷತ್ರದ್ದು ಬೇಕು. ಅದಕ್ಕೆ ಟೆಸ್ ಉಪಗ್ರಹದ ಬೆಳಕಿನ ಡೇಟಾ ತಗೊಂಡ್ವಿ, ಅಷ್ಟು ದಿನ ಕಾಟ ಕೊಟ್ಟ ಆ ಗಂಟೆಗಟ್ಟಲೆಯ ಕಂಪನದಿಂದಾನೇ ನಕ್ಷತ್ರದ ದ್ರವ್ಯರಾಶಿ ಲೆಕ್ಕ ಹಾಕೋಕಾಯ್ತು. ಅದರಿಂದ ಬಂದಿದ್ದು ಗ್ರಹದ ಕನಿಷ್ಠ ತೂಕ ಮಾತ್ರ, ಕಕ್ಷೆ ಎಷ್ಟು ವಾಲಿದೆ ಅಂತ ಗೊತ್ತಾಗೋ ತನಕ ಪೂರ್ತಿ ತೂಕ ಹೇಳೋಕೆ ಆಗಲ್ಲ.