ಹೈವೇಯಲ್ಲಿ ಸ್ಟಿಯರಿಂಗ್ ಬಿಗಿಯಾಯಿತೇ? ಗ್ಯಾರೇಜಿಗೆ ಹೋಗುವ ಮುಂಚೆ ಹೀಗೆ ನೋಡಿ

ಪಾರ್ಕಿಂಗ್‌ನಲ್ಲಿ ಒಂದೇ ಕೈಯಲ್ಲಿ ತಿರುಗುತ್ತಿದ್ದ ಸ್ಟಿಯರಿಂಗ್ ಹೈವೇಯಲ್ಲಿ ಬಿಗಿಯಾಯಿತೆಂದು ಎಷ್ಟೋ ಜನ ಗ್ಯಾರೇಜಿಗೆ ಓಡುತ್ತಾರೆ. ಅಲೈನ್‌ಮೆಂಟ್ ಮಾಡಿಸಿ ದುಡ್ಡು ಕೊಟ್ಟು ಬರುತ್ತಾರೆ. ಬಿಗಿ ಹಾಗೇ ಇರುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್, ಅಂದರೆ ತಿರುಗಿಸಲು ಮೋಟರ್ ನೆರವಾಗುವ ಸ್ಟಿಯರಿಂಗ್, ಇರುವ ಕಾರಿನಲ್ಲಿ ವೇಗ ಏರಿದಂತೆ ಅದು ಬಿಗಿಯಾಗಲೇಬೇಕು.

ಮೊದಲು ಟೈರ್ ಗಾಳಿ. ಡ್ರೈವರ್ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಬರೆದಷ್ಟು ಹಾಕಿಸಿ.

ಆಮೇಲೆ ಖಾಲಿ ಮೈದಾನದಲ್ಲಿ ಗಾಡಿಯನ್ನು ಮೆಲ್ಲಗೆ ಉರುಳಿಸುತ್ತಾ ತಿರುಗಿಸಿ. ಹಗುರವಾಗಿರಬೇಕು. ನಿಂತ ಗಾಡಿಯಲ್ಲಿ ಸುಮ್ನೆ ಆ ಕಡೆ ಈ ಕಡೆ ತಿರುವಬೇಡಿ, ಕೊನೆವರೆಗೆ ತಿರುವಿ ಹಿಡಿದಿಡಲೂಬೇಡಿ. ಮೋಟರ್ ಬಿಸಿಯಾದರೆ ಅದು ಸುಟ್ಟುಹೋಗದಂತೆ ಕಂಪ್ಯೂಟರೇ ನೆರವು ಇಳಿಸುತ್ತದೆ. ಆಗ ಸರಿಯಿರುವ ಸ್ಟಿಯರಿಂಗೂ ಕೆಟ್ಟಂತೆ ಕಾಣುತ್ತದೆ.

ಈಗ ನೇರ ರಸ್ತೆಯಲ್ಲಿ, ಎರಡೂ ಕೈ ಹಿಡಿದು, ಗಂಟೆಗೆ 80 ಕಿ.ಮೀ. ವೇಗ. ಸ್ಟಿಯರಿಂಗ್ ಈಗ ಭಾರವಾಗಿರಬೇಕು. ಅದನ್ನೇ ಕೆಟ್ಟಿದೆ ಎಂದುಕೊಂಡು ಜನ ಎಡವುವುದು ಇಲ್ಲೇ. ಒಳಗೆ ಏನಾಗುತ್ತದೆ ನೋಡಿ. ಸ್ಟಿಯರಿಂಗ್‌ಗೆ ಸೇರಿದ ಸಣ್ಣ ಉಕ್ಕಿನ ಸರಳೊಂದಿದೆ, ಅದೇ ಟಾರ್ಶನ್ ಬಾರ್. ನೀವು ತಿರುವಿದಾಗ ಅದು ಚೂರೇ ಚೂರು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಎಂದು ಸೆನ್ಸರ್ ಅಳೆಯುತ್ತದೆ. ಗಾಡಿಯ ವೇಗವೂ ಅದೇ ಕಂಪ್ಯೂಟರಿಗೆ ಬರುತ್ತದೆ. ಎರಡನ್ನೂ ನೋಡಿ ಮೋಟರಿಗೆ ಎಷ್ಟು ಕರೆಂಟ್ ಕೊಡಬೇಕೆಂದು ಅದು ತೀರ್ಮಾನಿಸುತ್ತದೆ. ನಿಧಾನಕ್ಕೆ ಹೋಗುವಾಗ ಜಾಸ್ತಿ, ಜೋರಾಗಿ ಹೋಗುವಾಗ ಕಮ್ಮಿ. ಇಲ್ಲದಿದ್ದರೆ 100ರ ವೇಗದಲ್ಲಿ ಕೈ ಸ್ವಲ್ಪ ಅಲುಗಿದರೂ ಗಾಡಿ ಪಕ್ಕದ ಲೇನಿಗೆ ಜಾರಬಹುದು.

ಇಲ್ಲಿ ಬದಲಾಗುವುದು ಭಾರ, ಅಂದರೆ ತಿರುಗಿಸಲು ಹಾಕಬೇಕಾದ ಬಲ, ಮಾತ್ರ. ಅದೇ ತಿರುವಿಗೆ ಸ್ಟಿಯರಿಂಗ್ ಎಷ್ಟು ಸುತ್ತಬೇಕು ಎಂಬುದು ಮಾಮೂಲಿ ಕಾರಿನಲ್ಲಿ ವೇಗದ ಜೊತೆ ಬದಲಾಗುವುದಿಲ್ಲ. ಅದನ್ನೂ ಬದಲಿಸುವ ಕಾರುಗಳಿವೆ. 2003ರ ಬಿಎಂಡಬ್ಲ್ಯು 5 ಸೀರೀಸ್‌ಗೆ ಬಂದ ಆ್ಯಕ್ಟಿವ್ ಸ್ಟಿಯರಿಂಗ್‌ನಲ್ಲಿ ಪ್ಲಾನೆಟರಿ ಗೇರ್ (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಹಲ್ಲುಚಕ್ರಗಳು ತಿರುಗುವ ಗೇರ್) ಮತ್ತು ಒಂದು ಎಲೆಕ್ಟ್ರಿಕ್ ಮೋಟರ್ ಸೇರಿ ಈ ಕೆಲಸ ಮಾಡುತ್ತವೆ. ಪಾರ್ಕಿಂಗ್‌ನಲ್ಲಿ ಕಡಿಮೆ ಸುತ್ತಿದರೆ ಸಾಕು, ಹೈವೇಯಲ್ಲಿ ಜಾಸ್ತಿ ತಿರುವಬೇಕು. ಶೋರೂಮಿನಲ್ಲಿ ‘ವೇರಿಯಬಲ್ ಸ್ಟಿಯರಿಂಗ್’ ಅಂದರೆ, ಬದಲಾಗುವುದು ಭಾರವೋ ಸುತ್ತೋ ಎಂದು ಕೇಳಿಯೇ ಮುಂದೆ ಮಾತಾಡಿ. ಎಷ್ಟೋ ಕಾರುಗಳ ಸ್ಪೋರ್ಟ್ ಮೋಡ್ ಸ್ಟಿಯರಿಂಗನ್ನು ಬರೀ ಭಾರ ಮಾಡುತ್ತದೆ. ದಿನದ ಓಡಾಟಕ್ಕೆ ನಾರ್ಮಲ್ಲೇ ಸರಿ.

80ರಲ್ಲೂ ಪಾರ್ಕಿಂಗ್‌ನಷ್ಟೇ ಹಗುರವಿದ್ದರೆ, ಅಥವಾ ಪಾರ್ಕಿಂಗ್‌ನಲ್ಲೇ ಭಾರವಾಗಿ ಸ್ಟಿಯರಿಂಗ್ ಚಿತ್ರದ ದೀಪ ಉರಿಯುತ್ತಿದ್ದರೆ ಗ್ಯಾರೇಜಿಗೆ ಹೋಗಿ. ದೀಪ ಉರಿದಿದ್ದರೆ ಮೊದಲು ಬ್ಯಾಟರಿ ಚೆಕ್ ಮಾಡಿಸಿ. ವೋಲ್ಟೇಜ್ ಇಳಿದರೂ ನೆರವು ಕಮ್ಮಿಯಾಗಬಹುದು, ನಿಲ್ಲಲೂಬಹುದು. ಮೋಟರ್ ಬದಲಿಸುವ ಮಾತು ಅದಾದ ಮೇಲೆ.